ಅವರ ಹಾಲಿ

ದುಬೈಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಅಷ್ಟೂ ವರ್ಷಗಳಲ್ಲಿ ಆಫೀಸಿನಲ್ಲಿ ನನ್ನನ್ನು ನನ್ನ ಹೆಸರಿನಿಂದ ಕರೆದವರು ಒಬ್ಬರೇ. ಉಳಿದವರ ತಪ್ಪಿಲ್ಲ, ತಪ್ಪು ನನ್ನದು. ಮೈಸೂರಿನಲ್ಲಿ ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕೆಂದು ಯಾರೋ ಹೇಳಿದರು. ಹೇಳಿದ್ದನ್ನೆಲ್ಲ ಕೇಳುವ ಸ್ವಭಾವದವನಾದ ನಾನು ಬೆಟ್ಟದಪುರ ಶಾಮಣ್ಣ ನಾಗೇಶ ಎಂದು ಬರೆದೆ. ಊರು ಮೊದಲು, ಅಪ್ಪ ಆಮೇಲೆ, ಜಾಗ ಉಳಿದರೆ ಕೊನೆಗೆ ನಾನು. ನಮ್ಮ ಮನೆಯ ರೂಢಿಗೆ ಅದು ಸರಿಯಾದ ಕ್ರಮವೇ. ಆದರೆ ಮೊದಲ ಪದವೇ ಮನುಷ್ಯನ ಹೆಸರು ಎಂದು ನಂಬಿದ ಜನರ ನಡುವೆ ವಿಮಾನ ಇಳಿದ ದಿನದಿಂದ ನಾನು ಊರಾಗಿಬಿಟ್ಟೆ. ಅಷ್ಟು ದೊಡ್ಡ ಊರು ಬಾಯಲ್ಲಿ ಹಿಡಿಸದೆ ಮಿಸ್ಟರ್ ಬೆಟ್ಟಾ ಆಯಿತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ ಬಾಯಲ್ಲಿ ಇನ್ನಷ್ಟು ಸವೆದು ಬೆಟರ್ ಆಯಿತು. 'ಹೌ ಆರ್ ಯು, ಬೆಟರ್?' ಎಂದು ಅವರು ಬೆಳಗ್ಗೆ ಕೇಳಿದರೆ ಅದು ಬರೀ ಪ್ರಶ್ನೆಯೋ, ಉತ್ತರವನ್ನೂ ಅವರೇ ಸೇರಿಸಿ ಹೇಳಿಬಿಟ್ಟರೋ ತಿಳಿಯುತ್ತಿರಲಿಲ್ಲ. ನಾನು ಯಾವ ಬೆಳಗ್ಗೆಯೂ ಬೆಟರ್ ಆಗಿರಲಿಲ್ಲ ಎನ್ನುವುದು ಬೇರೆ ಮಾತು.

ನನ್ನದು ಟೈಮ್ ಕೀಪರ್ ಕೆಲಸ. ಸೈಟಿಗೆ ಯಾರು ಎಷ್ಟು ಹೊತ್ತಿಗೆ ಬಂದರು, ಕೆಲಸ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು. ಮೊದಲು ಪೆನ್ಸಿಲಿನಲ್ಲಿ ಬರೆದು, ಸಂಜೆ ಎರಡು ಸಲ ಸರಿನೋಡಿ, ಆಮೇಲೆ ಅದರ ಮೇಲೆ ಪೆನ್ನು ತಿದ್ದುತ್ತಿದ್ದೆ. ಕಂಪನಿ ಹಾಗೆ ಕೇಳಿರಲಿಲ್ಲ. ನನ್ನ ಭಯ ಕೇಳುತ್ತಿತ್ತು. ವೀಸಾದ ಜೆರಾಕ್ಸ್ ಪ್ರತಿಗಳು ಪರ್ಸಿನಲ್ಲೊಂದು, ಫ್ರಿಜ್ಜಿನ ಮೇಲೊಂದು, ದೇವರ ಪಟದ ಹಿಂದೊಂದು ಇರುತ್ತಿದ್ದವು. 'ದೇವರಿಗೂ ವೀಸಾ ಮಾಡಿಸಿದ್ದೀರೇನ್ರೀ?' ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

ನನ್ನನ್ನು ಹೆಸರಿನಿಂದ ಕರೆದ ಆ ಒಬ್ಬರು ಸೇಫ್ಟಿ ಆಫೀಸರ್ ಆಗಿ ಬಂದರು. ಅಮೆರಿಕದ ಪಾಸ್‌ಪೋರ್ಟು, ಅರವತ್ತರ ಹತ್ತಿರದ ವಯಸ್ಸು, ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ, ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕತ್ತು. ಅಲ್ ಕೂಜ್‌ನ ನಮ್ಮ ಯಾರ್ಡ್ ಆಫೀಸಿನಲ್ಲಿ ಹೆಲ್ಮೆಟ್ಟು ಬೂಟು ಪಡೆಯಲು ನನ್ನ ಮೇಜಿಗೆ ಬಂದವರು ನನ್ನ ಎದೆಯ ಮೇಲಿನ ಬ್ಯಾಡ್ಜನ್ನು ಓದಿ, 'ಇದರಲ್ಲಿ ನೀನು ಯಾವುದು?' ಎಂದು ಕೇಳಿದರು. ಇಂಗ್ಲಿಷಿನಲ್ಲಿ ನೀನು ನೀವು ಎರಡೂ ಒಂದೇ. ಆದರೂ ನನ್ನ ನೆನಪಿನಲ್ಲಿ ಅವರು ಯಾವತ್ತೂ ನನ್ನನ್ನು ನೀನು ಎಂದೇ ಕರೆಯುತ್ತಾರೆ, ನಾನು ಅವರನ್ನು ನೀವು ಎಂದೇ.

'ಕೊನೆಯದು' ಎಂದೆ.

'ಮೊದಲನೆಯದು?'

'ಊರು. ಬೆಟ್ಟ ಅಂದರೆ ಗುಡ್ಡ, ಪುರ ಅಂದರೆ ಊರು.'

ಅವರು ಹೆಲ್ಮೆಟ್ಟಿನ ಫಾರಂ ಅನ್ನು ಹತ್ತಿರ ಎಳೆದುಕೊಂಡರು. ಅವರ ರೀತಿಗೆ ನಾನಿನ್ನೂ ಹೊಸಬ. ಏನು ತಪ್ಪು ಹೇಳಿದೆನೋ ಎಂದು ಬೆವರಿದೆ. ಅವರು ಫಾರಮ್ಮಿನಲ್ಲಿದ್ದ ತಮ್ಮ ಹೆಸರಿನ ಕೊನೆಯ ತುಂಡಿನ ಮೇಲೆ ಬೆರಳಿಟ್ಟು, 'ಇದೂ ಬೆಟ್ಟವೇ' ಎಂದರು. ಅವರ ಅಜ್ಜ ಫಿನ್ಲೆಂಡಿನಿಂದ ಅಮೆರಿಕದ ಉತ್ತರದ ಕಬ್ಬಿಣದ ಗಣಿಗಳಿಗೆ ಕೂಲಿಗೆ ಬಂದವರು. ಅವರಲ್ಲೂ ಊರು, ತೋಟ, ಗುಡ್ಡಗಳೇ ಹೆಸರಾಗುತ್ತಿದ್ದವಂತೆ. ಗಣಿಯ ಗುಮಾಸ್ತನಿಗೆ ಆ ಉದ್ದದ ಹೆಸರು ಬರೆಯಲಾಗದೆ ಒಂದು ಗಣಿಯಲ್ಲಿ ಒಂದು ಬಗೆ, ಪಕ್ಕದ ಗಣಿಯಲ್ಲಿ ಇನ್ನೊಂದು ಬಗೆ ಬರೆದುಕೊಂಡನಂತೆ. ಮುಂದೆ ಒಂದು ಮುಷ್ಕರವಾಗಿ, ಇಂಥವರಿಗೆ ಎಲ್ಲೂ ಕೆಲಸ ಕೊಡಬೇಡಿ ಎಂದು ಪಟ್ಟಿ ಹೋದಾಗ, ಆ ಪಟ್ಟಿಯಲ್ಲಿ ಅಜ್ಜನ ಒಂದು ಹೆಸರಿತ್ತು. ಅಜ್ಜ ಇನ್ನೊಂದು ಹೆಸರಿನಲ್ಲಿ ಕೆಲಸಕ್ಕೆ ಸೇರಿಕೊಂಡರು. 'ಆ ಗುಮಾಸ್ತನಿಗೆ ಸ್ಪೆಲ್ಲಿಂಗ್ ಬರುತ್ತಿದ್ದರೆ ನಾನು ಹುಟ್ಟುತ್ತಿರಲಿಲ್ಲ' ಎಂದರು. ಹೆಲ್ಮೆಟ್ಟಿಗೆ ಸಹಿ ಹಾಕಿ ಹೊರಟವರು ಬಾಗಿಲಲ್ಲಿ ತಿರುಗಿ, 'ಬರುತ್ತೇನೆ, ನಾಗೇಶ' ಎಂದರು. ಮೊದಲ ಅಕ್ಷರದ ಮೇಲೆ ಭಾರ ಬಿಟ್ಟು, ನಾಆಗೆಶ ಎನ್ನುವ ಹಾಗೆ. ಅಷ್ಟು ದೂರ ಬಂದು ನನ್ನ ಹೆಸರನ್ನು ಕೇಳಿದಾಗ ಯಾರೋ ಮನೆಯವರು ಬಂದಿದ್ದಾರೆಂದು ಹಿಂದೆ ತಿರುಗಿ ನೋಡಿದ್ದೆ.

ಬಿಸಿಲಿನ ಬಗ್ಗೆ ಅವರಿಗೆ ದೂರಿರಲಿಲ್ಲ. ಬಿಸಿ ಹಬೆಯ ಕೋಣೆಯಲ್ಲಿ ಕೂತು ಬೆವರುವುದು ಅವರ ಕುಲದ ರೂಢಿ. ಅದನ್ನು ಸೌನಾ ಎನ್ನಬೇಕು, ಸಾನಾ ಎಂದರೆ ಅವರಿಗೆ ನೋವಾಗುತ್ತಿತ್ತು. ನಮ್ಮ ಕೂಲಿಕಾರರ ಕ್ಯಾಂಪು ಮುಹೈಸ್ನಾದಲ್ಲಿತ್ತು. ಅದನ್ನು ಎಲ್ಲರೂ ಸೋನಾಪುರ ಎನ್ನುತ್ತಿದ್ದರು. ಅವರ ಕಿವಿಗೆ ಅದು ಸೌನಾಪುರ ಎಂದು ಬಿದ್ದಿತ್ತು. ಯಾರೂ ತಿದ್ದಲಿಲ್ಲ. ಆಗಸ್ಟಿನಲ್ಲಿ ಒಂದು ರೂಮಿಗೆ ಹತ್ತು ಜನ ಮಲಗುವ ಜಾಗಕ್ಕೆ ಚಿನ್ನದ ಊರು ಎನ್ನುವುದಕ್ಕಿಂತ ಅದೇ ನಿಜವಾದ ಹೆಸರು ಎಂದು ನನಗೂ ಅನ್ನಿಸಿತ್ತು.

ಮೊದಲ ಸಲ ಕ್ಯಾಂಪು ನೋಡಿ ಬಂದ ದಿನ ಅವರು ನನ್ನನ್ನು ಕೇಳಿದರು: 'ರೂಮು ಇದೆ, ಅಡುಗೆಮನೆ ಇದೆ. ಇವರ ಹಾಲಿ ಎಲ್ಲಿ?'

ನನ್ನ ಖುಷಿಗೆ ಪಾರವಿಲ್ಲ. ಬಂದು ವಾರವಾಗಿಲ್ಲ, ಆಗಲೇ ಕನ್ನಡ ಕಲಿಯುತ್ತಿದ್ದಾರೆ, ಉಚ್ಚಾರ ಮಾತ್ರ ಸ್ವಲ್ಪ ಅತ್ತಿತ್ತ ಎಂದುಕೊಂಡು ಕ್ಯಾಂಪಿನ ಉಸ್ತುವಾರಿ ಲಾರೆನ್ಸನಿಗೆ ಫೋನು ಮಾಡಿ, ಸೇಫ್ಟಿಯವರು ಕಾರ್ಮಿಕರಿಗೆ ಹಾಲು ಕೊಡಿಸಲು ಹೇಳಿದ್ದಾರೆ ಎಂದೆ. ಲಾರೆನ್ಸ್ ಉಡುಪಿ ಕಡೆಯ ಕೊಂಕಣಿ ಮನುಷ್ಯ, ಕೆಲಸದಲ್ಲಿ ಗಟ್ಟಿ. ಸಂಜೆಯೊಳಗೆ ನಾಲ್ಕು ಕ್ರೇಟ್ ಹಾಲು ಇಳಿಸಿದ. ಮರುದಿನ ಅವರು ಆ ಕ್ರೇಟುಗಳ ಮುಂದೆ ಬಹಳ ಹೊತ್ತು ನಿಂತಿದ್ದರಂತೆ.

ಆಮೇಲೆ ವಿವರಿಸಿದರು. ಹಾಲಿ ಎಂದರೆ ಹಾಲ್, ಸಭಾಂಗಣ. ಅದು ಇಂಗ್ಲಿಷೂ ಅಲ್ಲ, ಫಿನ್ಲೆಂಡಿನವರಿಗೂ ಗೊತ್ತಿಲ್ಲ. ಗಣಿಯ ಊರುಗಳಲ್ಲಿ ನೆಲೆಸಿದವರು ಎರಡನ್ನೂ ಕಲಸಿ ಮಾಡಿಕೊಂಡ ಪದ. ಹತ್ತು ಮನೆ ಫಿನ್ನರು ಸೇರಿದ ಕಡೆಯಲ್ಲೆಲ್ಲ, ತಮ್ಮ ಮನೆಗೆ ಸರಿಯಾದ ಮಾಡು ಬರುವ ಮೊದಲೇ, ತಾವೇ ಮರ ಕೊಯ್ದು ಹಾಲಿ ಕಟ್ಟಿಕೊಳ್ಳುತ್ತಿದ್ದರಂತೆ. ಅದರಲ್ಲಿ ರಂಗಸ್ಥಳ, ಪುಸ್ತಕ, ವ್ಯಾಯಾಮ, ಭಾಷಣ, ಕಾಫಿ. ವಾರವಿಡೀ ಗಣಿಯವರ ಊಟದ ಮನೆಯಲ್ಲಿ ನೆಲ ಒರೆಸುತ್ತಿದ್ದ ಅವರ ಅಜ್ಜಿ ಭಾನುವಾರ ಹಾಲಿಯ ನಾಟಕದಲ್ಲಿ ರಾಣಿ. ಎದುರು ಬದಿಯಲ್ಲಿ ಚರ್ಚಿನ ಫಿನ್ನರು. ಹಾಲಿಯವರು ಸಮಾಜವಾದಿಗಳು.

ಆ ಪದ ಕೇಳಿದ್ದೇ ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.

'ಹೊರಗೆ ಯಾರೂ ಇಲ್ಲ' ಎಂದರು.

'ಧೂಳು' ಎಂದೆ.

ಕೇಳಿದ್ದನ್ನು ಮಾತ್ರ ಹೇಳುವ, ಅದನ್ನೂ ತಡೆದು ತಡೆದು ಹೇಳುವ ಮನುಷ್ಯ ಅವರು. ಅಜ್ಜನ ತಮ್ಮನ ಕಥೆಯನ್ನು ಹೇಳಲು ಎರಡು ತಿಂಗಳು ತೆಗೆದುಕೊಂಡರು. ಆ ತಮ್ಮ ಮತ್ತು ಅಂಥ ಬಹಳಷ್ಟು ಜನ, ರಷ್ಯಾದ ಗಡಿಯ ಕರೇಲಿಯಾದಲ್ಲಿ ಕಾರ್ಮಿಕರ ಹೊಸ ನಾಡು ಕಟ್ಟುತ್ತೇವೆಂದು ಗರಗಸ, ಕೊಡಲಿ, ಕಡೆಗೆ ಹಾಲಿಯ ಬ್ಯಾಂಡಿನ ತುತ್ತೂರಿಯನ್ನೂ ಹಡಗಿಗೆ ಹೇರಿಕೊಂಡು ಹೊರಟುಹೋದರು. ಮೊದಮೊದಲು ಕಾಗದ ಬರುತ್ತಿತ್ತು. ಆಮೇಲೆ ಚಿಕ್ಕದಾಯಿತು. ಆಮೇಲೆ ನಿಂತಿತು. ಅವರು ಕಟ್ಟಿಕೊಳ್ಳಲು ಹೋದ ನಾಡೇ ಅವರನ್ನು ನುಂಗಿತು ಎಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತಂತೆ. ಅಜ್ಜಿ ಮಾತ್ರ ಆ ಮೈದುನನ ಕಪ್ಪನ್ನು ಕಪಾಟಿನಿಂದ ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ.

'ಅದಕ್ಕೇ ನಾನು ಯಾರಿಗೂ ಸ್ವರ್ಗ ತೋರಿಸುವುದಿಲ್ಲ' ಎಂದರು. 'ಒಂದು ಹಾಲಿ ಸಾಕು.'

ನಾನು ಆಗ, ಭಾರ ಇಳಿಸಲೆಂದು, ನಮ್ಮ ಭಾಷೆಯಲ್ಲೂ ಹಾಲಿ ಎಂಬ ಪದವಿದೆ ಎಂದೆ. ಪತ್ರಿಕೆಯಲ್ಲಿ ಬರೆಯುತ್ತಾರೆ, ಹಾಲಿ ಶಾಸಕರು, ಮಾಜಿ ಶಾಸಕರು ಎಂದು. ಮಾಜಿ ಎಂದರೆ ಹಿಂದೆ ಇದ್ದವರು, ಹಾಲಿ ಎಂದರೆ ಈಗ ಇರುವವರು.

ಅವರು ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಸಾಸರಿನಿಂದ ಚಹಾ ಹೀರುತ್ತಿದ್ದರು. ಅದು ಅವರ ಅಜ್ಜನ ಕ್ರಮ. ಹೀರುವುದನ್ನು ನಿಲ್ಲಿಸಿ, 'ನಿಮ್ಮ ಪದವೇ ಒಳ್ಳೆಯದು' ಎಂದರು.

ಸಾಸರಿನ ಈ ಚಹಾವೇ ಅವರಿಗೂ ಕಾರ್ಮಿಕರಿಗೂ ನಡುವೆ ಮಾತು ತಂದದ್ದು. ವಿಜಯಪುರ ಕಡೆಯ ಒಂಬತ್ತು ಜನ ಗಾರೆ ಕೆಲಸದವರ ತಂಡವೊಂದಿತ್ತು. ಅವರ ಮೇಸ್ತ್ರಿ ಬಸವಂತಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: 'ಸರ, ಈ ಸಾಹೇಬ್ರು ನಮ್ಮಂಗ ಬಸ್ಯಾಗ ಚಾ ಕುಡೀತಾರಲ್ರೀ. ಯಾವ ಊರಿನವ್ರು?'

'ಅಮೆರಿಕದವರಪ್ಪ.'

'ಸುಳ್ಳ ಹೇಳಬ್ಯಾಡ್ರೀ. ಅಮೆರಿಕದಾಗ ಬಸಿ ಎಲ್ಲಿ ಬಂತ್ರೀ?' ಬಸಿ ಎಂದರೆ ಅವನ ಕಡೆ ಸಾಸರು.

ಟೈಲ್ಸ್ ಇಡುತ್ತಿದ್ದ ಒಂದು ತಗಡಿನ ಪೋರ್ಟಾ ಕ್ಯಾಬಿನ್ ಕ್ಯಾಂಪಿನ ಮೂಲೆಯಲ್ಲಿ ಖಾಲಿ ಬಿದ್ದಿತ್ತು. ಅವರು ಅದನ್ನು ಕಾಗದದ ಮೇಲೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಠಡಿ ಎಂದು ಮಂಜೂರು ಮಾಡಿಸಿದರು. ಅದು ಸುಳ್ಳೂ ಅಲ್ಲ. ಶುಕ್ರವಾರ ಒಂದು ಗಂಟೆ ಪಟ್ಟಿ ಕಟ್ಟುವುದನ್ನು ನಿಜವಾಗಿ ಕಲಿಸುತ್ತಿದ್ದರು. ಉಳಿದ ಹೊತ್ತು ಅದು ಹಾಲಿ. ಹಲಗೆಗಳನ್ನು ಜೋಡಿಸಿ ಬೆಂಚು ಮಾಡಿದರು, ಕೇರಂ ಬೋರ್ಡು ಬಂತು, ನಮ್ಮ ಮನೆಯ ಹಳೆಯ ಕನ್ನಡ ವಾರಪತ್ರಿಕೆಗಳು ಹೋದವು. ಬಾಗಿಲ ಮೇಲಿನ ಬೋರ್ಡು ನಾನೇ ಬರೆಯಬೇಕೆಂದರು. ಒಂದು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ, ಕೆಂಪು ಬೇಡವೆಂದು ಎಷ್ಟು ಹೇಳಿದರೂ ಬೇರೆ ಬಣ್ಣವಿಲ್ಲದೆ, 'ಹಾಲಿ' ಎಂದು ದೊಡ್ಡದಾಗಿ ಬರೆದೆ.

ಬಸವಂತಪ್ಪ ಓದಿ, 'ಯಾರ್ರೀ ಹಾಲಿ?' ಎಂದ.

'ಒಳಗೆ ಕೂತವರು' ಎಂದೆ.

'ಹಂಗಾರ ಕುಂದ್ರತೀವಿ ತಗೋರಿ.'

ಕೂತರು. ಕೂತವರು ಸುಮ್ಮನೆ ಇರಲಿಲ್ಲ, ತಮ್ಮೂರಿನ ಸಣ್ಣಾಟದ ಒಂದು ತುಂಡು ಆಡಿದರು. ಮೀಸೆಯ ಬಸವಂತಪ್ಪ ಲಾರೆನ್ಸನ ಸ್ಟೋರಿನ ಬೆಡ್‌ಶೀಟನ್ನು ಸೀರೆ ಮಾಡಿ ಉಟ್ಟು, ಪಾತ್ರೆ ಬಡಿದ ತಾಳಕ್ಕೆ ಸೊಂಟ ಕುಣಿಸುತ್ತ ಬಂದಾಗ ಅವರು ನಕ್ಕದ್ದನ್ನು ನೋಡಿದೆ. ಸದ್ದಿಲ್ಲದ ನಗು, ಭುಜ ಮಾತ್ರ ಅಲುಗುತ್ತಿತ್ತು, ಕಣ್ಣಲ್ಲಿ ನೀರಿತ್ತು. 'ನಮ್ಮ ಅಜ್ಜಿ' ಎಂದರು ನನ್ನ ಕಡೆ ಬಾಗಿ.

ಲಾರೆನ್ಸನಿಗೆ ಬೇರೆ ಚಿಂತೆ. 'ಎಂಥ ಅವಸ್ಥೆ ಮಾರಾಯ್ರೆ ಇದು? ಫಸ್ಟ್ ಏಡ್ ರೂಮಲ್ಲಿ ಸೀರೆ ಉಟ್ಟು ಕುಣಿಯುವುದು? ನಾಳೆ ಯಾರಾದ್ರೂ ಕೇಳಿದ್ರೆ ನಾನು ಎಂತ ಹೇಳ್ಲಿ?'

ಅವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. 'ಪ್ರಥಮ ಚಿಕಿತ್ಸೆ ನಡೆಯುತ್ತಿದೆ ಎಂದು ಹೇಳಲಿ' ಎಂದರು.

ಆ ಕಾಲದಲ್ಲಿ ಬೇಸಿಗೆಯ ಮಧ್ಯಾಹ್ನದ ವಿರಾಮದ ನಿಯಮ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನವೂ ಕೆಲಸ ನಡೆಯುತ್ತಿತ್ತು. ಬಿಸಿಲು ಮಿತಿ ಮೀರಿದರೆ ಕೆಲಸ ನಿಲ್ಲಿಸುವ ಅಧಿಕಾರ ಸೇಫ್ಟಿ ಆಫೀಸರಿಗಿತ್ತು; ನಿಲ್ಲಿಸಿದ ಕೂಡಲೇ ಟೈಮ್ ಕೀಪರಿಗೆ ತಿಳಿಸಬೇಕು, ಅವನು ಹೊತ್ತು ಬರೆದುಕೊಳ್ಳಬೇಕು. ಒಂದು ಆಗಸ್ಟಿನ ದಿನ ಒಂಬತ್ತನೆಯ ಅಂತಸ್ತಿಗೆ ನೀರಿನ ಡ್ರಮ್ಮು ಹೋಗಲಿಲ್ಲ. ಬಸವಂತಪ್ಪನ ತಂಡದ ಒಬ್ಬ ತಲೆಸುತ್ತಿ ಬಿದ್ದ. ಉಳಿದವರು ಅವನನ್ನು ನೆರಳಿಗೆ ಎಳೆದು, ಕರಣಿ ಕೆಳಗಿಟ್ಟು, ಮೆಟ್ಟಿಲ ಮೇಲೆ ಕೂತರು. ಫೋರ್‌ಮನ್ ಕೂಗಿದರೂ ಏಳಲಿಲ್ಲ. ಅಂದು ನಾನಿದ್ದ ಸೈಟ್ ಆಫೀಸಿನ ಕಿಟಕಿಯಿಂದ ಕಾಣುತ್ತಿತ್ತು. ಹನ್ನೊಂದು ಇಪ್ಪತ್ತು ಎಂದು ಪೆನ್ಸಿಲಿನಲ್ಲಿ ಬರೆದೆ. ಯಾವ ಆಜ್ಞೆಯೂ ನನಗೆ ಬಂದಿರಲಿಲ್ಲ. ಅವರು ಬೇರೆ ಸೈಟಿನಲ್ಲಿದ್ದರು, ಬಂದದ್ದು ಹನ್ನೆರಡಕ್ಕೆ.

ಸಂಜೆ ಮ್ಯಾನೇಜರು ನನಗೆ ಆ ಒಂಬತ್ತು ಜನರ ಪಟ್ಟಿ ಟೈಪು ಮಾಡಲು ಹೇಳಿದರು. ಕೆಲಸ ನಿಲ್ಲಿಸಿ ಕೂತದ್ದು ಮುಷ್ಕರ. ವೀಸಾ ರದ್ದು, ಊರಿಗೆ ವಾಪಸು, ಮೇಲೆ ಬ್ಯಾನು. ಒಮ್ಮೆ ಬ್ಯಾನಾದರೆ ಮತ್ತೆ ಬರುವಂತಿಲ್ಲ. ನಾನು ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಆ ಗಣಿಯ ಗುಮಾಸ್ತನ ನೆನಪು ಬಂದದ್ದು ನಿಜ. ನನಗೆ ಸ್ಪೆಲ್ಲಿಂಗ್ ಚೆನ್ನಾಗಿ ಬರುತ್ತದೆ, ಅದೇ ನನ್ನ ದುರದೃಷ್ಟ.

ಪ್ರಿಂಟರಿನಿಂದ ಹಾಳೆ ಬರುವ ಹೊತ್ತಿಗೆ ಅವರು ಒಳಗೆ ಬಂದರು. ಓದಿದರು. ಜೇಬಿನಿಂದ ಪೆನ್ನು ತೆಗೆದು ಮೊದಲ ಹೆಸರಿನ ಮೇಲೆ, ಅಂಚಿನ ಖಾಲಿ ಜಾಗದಲ್ಲಿ, ತಮ್ಮ ಹೆಸರನ್ನು ಪೂರ್ತಿಯಾಗಿ, ಬೆಟ್ಟದ ಸಮೇತ ಬರೆದರು. ಕೆಳಗೆ 'ನನ್ನ ಆಜ್ಞೆಯಂತೆ ಕೆಲಸ ನಿಲ್ಲಿಸಿದರು' ಎಂದು ಬರೆದು ಸಹಿ ಹಾಕಿದರು. ನನ್ನ ಮುಖ ನೋಡಲಿಲ್ಲ. ಹಾಳೆಯನ್ನು ತೆಗೆದುಕೊಂಡು ಮ್ಯಾನೇಜರ ಕೋಣೆಗೆ ಹೋದರು.

ಐದು ನಿಮಿಷಕ್ಕೆ ಕರೆ ಬಂತು: 'ಬೆಟರ್, ರಿಜಿಸ್ಟರ್ ತಗೊಂಡು ಬಾ.'

ಆ ಐದು ನಿಮಿಷದಲ್ಲಿ ನಾನೇನು ಮಾಡಿದೆ ಎಂದರೆ, ರಬ್ಬರು ತೆಗೆದು, ಆಜ್ಞೆ ಬಂದ ಗುರುತಿಲ್ಲದ ಆ ಹನ್ನೊಂದು ಇಪ್ಪತ್ತನ್ನು ಅಳಿಸಿದೆ. ಧೈರ್ಯ ಎನ್ನಬೇಡಿ. ಬೇರೆ ಹೊತ್ತು ಬರೆಯುವ ಧೈರ್ಯ ಇರಲಿಲ್ಲ, ಆ ಹೊತ್ತನ್ನು ಇಟ್ಟುಕೊಳ್ಳುವ ಧೈರ್ಯವೂ ಇರಲಿಲ್ಲ.

ಮ್ಯಾನೇಜರು ಕೇಳಿದರು: 'ಇವರು ಹನ್ನೊಂದಕ್ಕೇ ಫೋನಿನಲ್ಲಿ ನಿಲ್ಲಿಸಲು ಹೇಳಿದೆ ಅನ್ನುತ್ತಿದ್ದಾರೆ. ನಿನಗೆ ತಿಳಿಸಿದರೋ ಇಲ್ಲವೋ?'

'ಗೊತ್ತಿಲ್ಲ ಸರ್. ನಾನು ಟಾಯ್ಲೆಟ್ಟಿನಲ್ಲಿದ್ದೆ.'

'ಹನ್ನೊಂದರಿಂದ ಹನ್ನೆರಡರವರೆಗೆ?'

'ಹೌದು ಸರ್. ಹೊಟ್ಟೆ.'

ನನ್ನ ಮುಖ ನೋಡಿದ ಯಾರಿಗೂ ಅದನ್ನು ನಂಬಲು ಕಷ್ಟವಾಗುವಂತಿರಲಿಲ್ಲ. ಆ ಹೊತ್ತಿಗೆ ಅದು ನಿಜವೂ ಆಗತೊಡಗಿತ್ತು. ಅಮೆರಿಕದ ಸೇಫ್ಟಿ ಆಫೀಸರ ಸಹಿ ತಲೆಯ ಮೇಲಿರುವ ಪಟ್ಟಿಯನ್ನು ಮುಷ್ಕರದ ಪಟ್ಟಿ ಎಂದು ಮೇಲಕ್ಕೆ ಕಳಿಸುವುದು ಹೇಗೆ? ಮ್ಯಾನೇಜರು ಹಾಳೆಯನ್ನು ಮಡಚಿ ಡ್ರಾಯರಿನಲ್ಲಿಟ್ಟರು. 'ಖಲಾಸ್' ಎಂದರು. ಒಂಬತ್ತು ಜನ ಉಳಿದರು. ಸಹಿ ಹಾಕಿದವರ ಕಾಂಟ್ರಾಕ್ಟು ಮುಂದಿನ ತಿಂಗಳು ಮುಗಿಯುವುದಿತ್ತು; ಅದನ್ನು ಮುಂದುವರಿಸಲಿಲ್ಲ.

ಹೊರಡುವ ಮುನ್ನ ಹೆಲ್ಮೆಟ್ಟು ಬೂಟು ವಾಪಸು ಕೊಡಲು ನನ್ನ ಮೇಜಿಗೆ ಬಂದರು. ಅವರು ಬಂದ ದಿನ ನಿಂತಿದ್ದಲ್ಲಿಯೇ ನಿಂತರು. ನಾನು ಫಾರಂ ಮುಂದಿಟ್ಟೆ.

'ಹೊಟ್ಟೆ ಹೇಗಿದೆ?' ಎಂದರು.

'ಪರವಾಗಿಲ್ಲ.'

'ಒಳ್ಳೆಯ ಹೊಟ್ಟೆ. ಜೋಪಾನ ಮಾಡು.' ಸಹಿ ಹಾಕಿ ಪೆನ್ನು ಮುಚ್ಚಿದರು. 'ಶುಕ್ರವಾರ ಹಾಲಿಯಲ್ಲಿ ಎಲ್ಲರೂ ಸೇರುತ್ತಿದ್ದಾರೆ. ಬರುತ್ತೀಯಲ್ಲ?'

'ಖಂಡಿತ ಬರ್ತೀನಿ' ಎಂದೆ.

ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಡಬ್ಬಿ ಮೈಸೂರು ಪಾಕ್ ಹಿಡಿದು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ, ಅಲ್ಲಿ ಯಾರಾದರೂ ಫೋಟೊ ತೆಗೆದರೆ, ಆ ಫೋಟೊ ಮ್ಯಾನೇಜರಿಗೆ ಹೋದರೆ, ಟಾಯ್ಲೆಟ್ಟಿನ ಮಾತು ಮತ್ತೆ ಎದ್ದರೆ ಎಂದು ಒಂದರ ಮೇಲೊಂದು ಶುರುವಾಯಿತು. ಇಳಿದು ಎದುರು ಬದಿಯ ಬಸ್ಸು ಹತ್ತಿದೆ. ಡಬ್ಬಿ ವಾಪಸು ಬಂದದ್ದನ್ನು ಹೆಂಡತಿ ನೋಡಿದಳು. 'ಯಾಕ್ರೀ?' ಎಂದು ಕೇಳಿ, ನನ್ನ ಮುಖ ನೋಡಿ, ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟಳು. ಆ ಮೈಸೂರು ಪಾಕನ್ನು ಒಂದು ವಾರ ತಿಂದೆವು. ಅಷ್ಟು ಕಹಿಯಾದ ಸಿಹಿಯನ್ನು ನಾನು ಆಮೇಲೆ ತಿಂದಿಲ್ಲ.

ಕಾಗದ ಬರೆಯಬಹುದಿತ್ತು. ವಿಳಾಸ ಫಾರಮ್ಮಿನಲ್ಲೇ ಇತ್ತು. ಕ್ಷಮೆ ಕೇಳಲು ಸರಿಯಾದ ಇಂಗ್ಲಿಷು ಹುಡುಕುತ್ತ ಪೆನ್ಸಿಲಿನಲ್ಲಿ ಬರೆದು ಅಳಿಸುತ್ತ ವರ್ಷಗಳು ಹೋದವು. ಈಗ ನಾನು ಅಬುಧಾಬಿಯಲ್ಲಿದ್ದೇನೆ. ಅಲ್ ರೀಮ್ ಐಲ್ಯಾಂಡಿನಲ್ಲಿ ಏಳುತ್ತಿರುವ ಟವರುಗಳ ನಡುವೆ ಬೇರೆ ಕಂಪನಿಯ ಕಂಟೇನರ್ ಆಫೀಸು. ಹೊತ್ತು ಬರೆಯುವುದು ಈಗ ಯಂತ್ರದ ಕೆಲಸ, ಅದು ಟಾಯ್ಲೆಟ್ಟಿಗೆ ಹೋಗುವುದಿಲ್ಲ. ಚಹಾ ಕಾಗದದ ಕಪ್ಪಿನಲ್ಲಿ ಬರುತ್ತದೆ. ಎಷ್ಟೋ ಸಂಜೆ ಒಂದು ಬಸಿ ಸಿಕ್ಕರೆ ಸಾಕಿತ್ತು ಅನ್ನಿಸುತ್ತದೆ. ಯಾರಾದರೂ ಹಿಂದಿನಿಂದ ನಾಆಗೆಶ ಎಂದಾರೆಂದು, ಆಗುವುದಿಲ್ಲವೆಂದು ಗೊತ್ತಿದ್ದೂ, ಕಿವಿ ಕಾಯುತ್ತದೆ.

ಹೋದ ತಿಂಗಳು ಲಾರೆನ್ಸ್ ಫೋನು ಮಾಡಿದ. 'ಕ್ಯಾಬಿನ್ ತೆಗೆದ್ರು ಮಾರಾಯ್ರೆ, ಕ್ಯಾಂಪೇ ಶಿಫ್ಟು. ನಿಮ್ಮ ಬೋರ್ಡು ನನ್ನ ಹತ್ರ ಉಂಟು, ಬೇಕಾ? ಮತ್ತೆ ನಿಮಗೊಂದು ಕವರು ಬಂದಿದೆ, ಅಮೆರಿಕದ ಸ್ಟ್ಯಾಂಪು. ಹಳೇ ಆಫೀಸಿನ ಪೋಸ್ಟ್ ಬಾಕ್ಸಲ್ಲಿತ್ತು. ಕಳಿಸ್ತೇನೆ.'

ಕವರು ಅವರ ಮಗಳದ್ದು. ಅಪ್ಪ ಚಳಿಗಾಲದಲ್ಲಿ ಹೋದರು, ಅವರ ಪುಸ್ತಕದೊಳಗೆ ಇದಿತ್ತು, ಹಿಂದೆ ಹೆಸರಿರುವವರಲ್ಲಿ ನಿಮ್ಮೊಬ್ಬರ ವಿಳಾಸ ಮಾತ್ರ ಸಿಕ್ಕಿತು ಎಂದು ನಾಲ್ಕು ಸಾಲು. ಜೊತೆಗೆ ಒಂದು ಫೋಟೊ. ಆ ಶುಕ್ರವಾರದ್ದು. ಬಾಗಿಲಿನ ಮೇಲೆ ನನ್ನ ಕೆಂಪು ಅಕ್ಷರ. ಕೆಳಗೆ ಬೆಡ್‌ಶೀಟಿನ ಸೀರೆಯಲ್ಲಿ ಬಸವಂತಪ್ಪ, ಅವನ ತಂಡ, ಮುಖ ಗಂಟು ಹಾಕಿದ ಲಾರೆನ್ಸ್, ನಡುವೆ ಎಲ್ಲರಿಗಿಂತ ಒಂದು ತಲೆ ಮೇಲೆ ಅವರು, ಕೈಯಲ್ಲಿ ಬಸಿ.

ಹನ್ನೆರಡು ವರ್ಷದ ನನ್ನ ಮಗಳು ಫೋಟೊ ಕಿತ್ತುಕೊಂಡು ನೋಡಿದಳು. 'ವೇರ್ ಆರ್ ಯು ಇನ್ ದಿಸ್, ಅಪ್ಪಾ?' ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಹಿಂದೆ ತಿರುಗಿಸಿ ಪೆನ್ಸಿಲಿನ ಅಕ್ಷರಗಳನ್ನು ಓದತೊಡಗಿದಳು. ಎಡದಿಂದ ಬಲಕ್ಕೆ ಹೆಸರುಗಳು, ಅಷ್ಟೂ ಸರಿಯಾದ ಸ್ಪೆಲ್ಲಿಂಗಿನಲ್ಲಿ. ಓದುತ್ತ ಓದುತ್ತ ಕೊನೆಗೆ ಬಂದು ನಗುವುದಕ್ಕೆ ಶುರುಮಾಡಿದಳು.

'ಅಪ್ಪಾ, ಲಾಸ್ಟಲ್ಲಿ ನಿನ್ನ ಹೆಸರಿದೆ. ನಾಗೇಶ, ಟಾಯ್ಲೆಟ್ಟಿನಲ್ಲಿ ಅಂತ ಬರೆದಿದ್ದಾರೆ. ಈಸ್ ಇಟ್ ಟ್ರೂ?'

ಫೋಟೊ ಅವಳ ಕೈಯಿಂದ ತೆಗೆದುಕೊಂಡೆ. ಕನ್ನಡಕ ಮಂಜಾಗಿತ್ತು, ಒರೆಸಿಕೊಳ್ಳಬೇಕಾಯಿತು.

'ಹೌದು ಮಗಳೇ' ಎಂದೆ. 'ಅಲ್ಲೇ ಇದ್ದೆ.'